ಗೇರೆಣ್ಣೆ ಹಚ್ಚಿದ ತ್ರೀ ನಾಟ್ ತ್ರೀ

ಆ ಕೋವಿಯನ್ನು ನಾನು ಮೊದಲು ನೋಡಿದ್ದು ನಮ್ಮ ವರ್ಕ್‌ಶಾಪಿನ ಕಬ್ಬಿಣದ ವೈಸಿನಲ್ಲಿ. ಒಂದು ತುಂಡು ಬಟ್ಟೆಯನ್ನೂ ಸುತ್ತದೆ ಅದರ ಕುತ್ತಿಗೆಯನ್ನು ವೈಸಿನ ದವಡೆಗೆ ಕೊಟ್ಟು ಬಿಗಿದಿದ್ದರು. ಮರದ ಎರಡೂ ಬದಿಯಲ್ಲಿ ಹಲ್ಲಿನ ಗುರುತು ಕೂತಿತ್ತು. ಬಿಗಿದವನು ಫೋರ್‌ಮನ್. ನೋಡಿದ ತಕ್ಷಣ ಅವನ ಕುತ್ತಿಗೆಯನ್ನೂ ಅದೇ ವೈಸಿಗೆ ಕೊಟ್ಟು ಹಿಡಿ ತಿರುಗಿಸಬೇಕು ಅನ್ನಿಸಿತು. ನನ್ನ ಸಿಟ್ಟು ಅಂಥದ್ದು. ಮೂಗಿನ ತುದಿಯಲ್ಲೇ ಕೂತಿರುತ್ತದೆ.

ದೋಹಾದ ಹೊರಗೆ, ಇಂಡಸ್ಟ್ರಿಯಲ್ ಏರಿಯಾದಲ್ಲಿ ನಮ್ಮ ವರ್ಕ್‌ಶಾಪು. ಎರಡು ಸಾವಿರದ ದಶಕದ ನಡುವಿನ ವರ್ಷಗಳು. ಊರೆಲ್ಲ ಕ್ರೇನು, ಊರೆಲ್ಲ ಹೊಸ ವಿಲ್ಲಾ, ವಿಲ್ಲಾಗಳಿಗೆಲ್ಲ ಬಾಗಿಲು ಬೇಕು. ನಾನು ಕಾರ್ಕಳದ ಕಡೆಯ ಆಚಾರಿ, ಬಡಗಿ ಕೆಲಸದ ವೀಸಾದಲ್ಲಿ ಹೋದವನು. ಫೋರ್‌ಮನ್ ಕೂಡ ನಮ್ಮ ಕಡೆಯವನೇ, ತುಳು ಮಾತಾಡುವವನೇ. ನಮ್ಮವನು ಎಂಬ ಆಸೆಯಿಂದ ಹೋಗಿದ್ದೆ. ಬೇರೆ ದೇಶದವರಿಗೆ ಬರೀ ಬಾಯಲ್ಲಿ ಬೈಯುತ್ತಿದ್ದವನು ನಮಗೆ ಕೈಯಲ್ಲಿ ಕೊಡುತ್ತಿದ್ದ. ಪ್ಲೈವುಡ್ ಪಟ್ಟಿಯಲ್ಲಿ ಬೆನ್ನಿಗೆ ಒಂದು ಬೀಸಿ, "ನಮ್ಮವ ಅಂತ ಸಲಿಗೆ ಮಾರಾಯ" ಎಂದು ನಗುತ್ತಿದ್ದ.

ಕೋವಿ ನಮ್ಮ ಅರ್ಬಾಬರದ್ದು. ಅರ್ಬಾಬ್ ಎಂದರೆ ಮಾಲೀಕರು, ನಮ್ಮೆಲ್ಲರ ವೀಸಾ ಯಾರ ಹೆಸರಿನಲ್ಲಿದೆಯೋ ಅವರು. ಎಪ್ಪತ್ತರ ಹತ್ತಿರದ ಕತಾರಿ ಮುದುಕರು, ಸಣಕಲು ದೇಹ, ಮೆಲು ಮಾತು. ಕೋವಿ ಅವರ ಅಜ್ಜನ ಕಾಲದಲ್ಲಿ ಬ್ರಿಟಿಷರ ಕಡೆಯಿಂದ ಬಂದದ್ದಂತೆ. ನಮ್ಮ ಪೊಲೀಸರು ಹೆಗಲಿಗೆ ಹಾಕಿಕೊಂಡು ಬ್ಯಾಂಕಿನ ಬಾಗಿಲಲ್ಲಿ ತೂಕಡಿಸುತ್ತಿದ್ದರಲ್ಲ, ಅದೇ ತ್ರೀ ನಾಟ್ ತ್ರೀ. ಅರ್ಬಾಬರೂ ಅವರ ದಾಯಾದಿಗಳೂ ಪ್ರತಿ ಚಳಿಗಾಲ ಉತ್ತರದ ಅಲ್ ಶಮಾಲಿನ ಆಚೆ, ತಮ್ಮ ಜಾಗದಲ್ಲಿ ಪಂದ್ಯ ಇಟ್ಟುಕೊಳ್ಳುತ್ತಿದ್ದರು. ಹಳೆಯ ಮಿಲಿಟರಿ ಕೋವಿ ಮಾತ್ರ. ಹೊರಗಿನ ಮರ, ಕಬ್ಬಿಣದ ಗುರಿಗಣ್ಣು, ಎಲ್ಲ ಇದ್ದ ಹಾಗೇ ಇರಬೇಕು. ಇನ್ನೂರು ಮೀಟರ್ ದೂರಕ್ಕೆ ಮಲಗಿ ಹತ್ತು ಗುಂಡು.

ಅರ್ಬಾಬರು ಒಮ್ಮೆಯೂ ಗೆದ್ದವರಲ್ಲ. ಅವರ ಕೋವಿಯ ಮೊದಲ ಮೂರು ಗುಂಡು ನಡುವಿಗೆ ಬೀಳುತ್ತಿದ್ದವು, ನಾಲ್ಕನೆಯದರಿಂದ ಎಡಕ್ಕೆ ಮೇಲಕ್ಕೆ ಹತ್ತುತ್ತ ಹತ್ತನೆಯದು ಗುರಿಹಲಗೆಯನ್ನೇ ಬಿಟ್ಟು ಮಣ್ಣು ಹಾರಿಸುತ್ತಿತ್ತು. ದಾಯಾದಿಗಳು ನಗುತ್ತಿದ್ದರು. ಆ ವರ್ಷ ಅವರಿಗೆ ಅವಸರವಿತ್ತು. ಎಡಗಣ್ಣಿಗೆ ಪೊರೆ ಬಂದು ಮಬ್ಬಾಗಿಹೋಗಿತ್ತು, ಉಳಿದದ್ದು ಬಲಗಣ್ಣು. ಅದಕ್ಕೂ ಶುರುವಾಗಿದೆ ಎಂದು ಡಾಕ್ಟರು ಹೇಳಿದ್ದರು. "ಅಜ್ಜನ ಕೋವಿಯಲ್ಲಿ ಒಂದೇ ಒಂದು ಸಲ" ಎಂದು ಅವರು ಮುರುಕು ಹಿಂದಿಯಲ್ಲಿ ನಮ್ಮ ಡ್ರೈವರ್ ಹತ್ತಿರ ಹೇಳಿದ್ದರಂತೆ. ಡ್ರೈವರ್ ಉಪ್ಪಿನಂಗಡಿ ಕಡೆಯ ಬ್ಯಾರಿ, ಇಪ್ಪತ್ತು ವರ್ಷದಿಂದ ಅಲ್ಲಿದ್ದವರು. ನಾವೆಲ್ಲ ಕಾಕ ಎನ್ನುತ್ತಿದ್ದೆವು. ಕಾಕ ನನ್ನ ರೂಮಿನವರು. ನನ್ನ ಅಪ್ಪ ಕೋವಿಗೆ ಮರ ಕೂರಿಸುವವನು ಎಂದು ಯಾವತ್ತೋ ಹೇಳಿದ್ದೆ. ಅದನ್ನು ಅವರು ಅರ್ಬಾಬರ ಕಿವಿಗೆ ಹಾಕಿದರು. ಕೋವಿ ನಮ್ಮಲ್ಲಿಗೆ ರಿಪೇರಿಗೆ ಬಂದದ್ದು ಹಾಗೆ.

ಅಪ್ಪನ ವಿಷಯ ಹೇಳದೆ ಮುಂದೆ ಹೋಗುವ ಹಾಗಿಲ್ಲ. ಹಂದಿ, ಮಂಗಗಳಿಂದ ಬೆಳೆ ಕಾಯಲು ನಮ್ಮ ಕಡೆ ಲೈಸೆನ್ಸಿನ ಕೋವಿ ಇಟ್ಟುಕೊಂಡವರು ಬಹಳ. ಅವುಗಳ ಮರ ಒಡೆದರೆ, ಕೊಳೆತರೆ ಅಪ್ಪನ ಹತ್ತಿರ ಬರುತ್ತಿದ್ದರು. ಮದ್ದು ಹೆಚ್ಚು ತುಂಬಿ ನಳಿಗೆ ಸಿಡಿದು ಹೆಬ್ಬೆರಳು ಕಳೆದುಕೊಂಡವನೊಬ್ಬ, ಕೈಗೆ ಕಟ್ಟಿದ ಬಟ್ಟೆಯಲ್ಲಿ ರಕ್ತ ಇಳಿಯುತ್ತಿರುವಾಗಲೇ, ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ಕೋವಿಯನ್ನು ನಮ್ಮ ಅಂಗಳದಲ್ಲಿ ಇಟ್ಟು ಹೋಗಿದ್ದ. ಅಪ್ಪ ರಕ್ತ ಒರೆಸಿ ಕೆಲಸ ಶುರು ಮಾಡಿದ. ಅವನ ಕೈ ಅಷ್ಟು ಚೆನ್ನ, ಅಷ್ಟೇ ಕೆಟ್ಟದ್ದು. ನನಗೆ ಇಪ್ಪತ್ತು ದಾಟಿದ ಮೇಲೂ ಮರದ ಸುತ್ತಿಗೆಯಂಥ ಕೊಡತಿಯಲ್ಲಿ ಹೊಡೆಯುತ್ತಿದ್ದ. ಮರ ಕೆಡಿಸಿದರೆ ಒಂದು, ಎದುರು ಮಾತಾಡಿದರೆ ಎರಡು. ಒಮ್ಮೆ ನನ್ನ ಮೊಣಕೈ ಮೂಳೆ ಬಿರುಕು ಬಿಟ್ಟಿತು. ಅವನಿಂದ ತಪ್ಪಿಸಿಕೊಳ್ಳಲೆಂದೇ ನಾನು ವಿಮಾನ ಹತ್ತಿದ್ದು.

ಮರಕ್ಕೆ ಅಪ್ಪ ಹಚ್ಚುತ್ತಿದ್ದದ್ದು ಗೇರೆಣ್ಣೆ. ಗೇರುಬೀಜದ ಸಿಪ್ಪೆಯಿಂದ ಬರುವ ಕಪ್ಪು ಎಣ್ಣೆ. ದೋಣಿಗೂ ಮನೆಯ ಮಾಡಿನ ಮರದ ಪಕ್ಕಾಸಿಗೂ ಹಚ್ಚುತ್ತಾರೆ, ಗೆದ್ದಲು ಹತ್ತಿರ ಸುಳಿಯುವುದಿಲ್ಲ, ನೀರು ಒಳಗೆ ಹೋಗುವುದಿಲ್ಲ. ಹಸಿ ಎಣ್ಣೆ ಚರ್ಮಕ್ಕೆ ತಾಗಿದರೆ ಮಾತ್ರ ಸುಟ್ಟ ಹಾಗೆ ಬೊಬ್ಬೆ ಏಳುತ್ತದೆ, ಮುಖಕ್ಕಾದರೆ ಕಣ್ಣು ಮುಚ್ಚುವಷ್ಟು ಊದುತ್ತದೆ. ಹಾಗಾಗಿ ಅಪ್ಪ ಅದನ್ನು ಕಾಯಿಸಿ, ಹಚ್ಚಿ, ವಾರಗಟ್ಟಲೆ ಬಿಸಿಲಿಗೆ ಇಡುತ್ತಿದ್ದ. ಎಣ್ಣೆಯ ಉರಿ ಸತ್ತಿದೆಯೋ ಇಲ್ಲವೋ ತಿಳಿಯಲು ಅವನಿಗೆ ಒಂದೇ ಪರೀಕ್ಷೆ. ಗುರಿ ಹಿಡಿಯುವವನ ಕೆನ್ನೆ ಕೂರುವ ಜಾಗದಲ್ಲಿ ತನ್ನ ಕೆನ್ನೆ ಒತ್ತಿ ಉಜ್ಜುತ್ತಿದ್ದ. ಎರಡು ದಿನ ಕಾಯುತ್ತಿದ್ದ. ಬೊಬ್ಬೆ ಬಂದರೆ ಕೋವಿ ಮತ್ತೆ ಬಿಸಿಲಿಗೆ, ಬಾರದಿದ್ದರೆ ಯಜಮಾನನ ಕೈಗೆ. ಕೆನ್ನೆ ಇಡದೆ ಕೋವಿ ಕೊಡಬಾರದು ಎನ್ನುತ್ತಿದ್ದ. ಅವನ ಬಲಗೆನ್ನೆ ಕಪ್ಪು ಕಪ್ಪಾಗಿ, ಸುಕ್ಕಾಗಿ, ನೋಡಲು ಅಸಹ್ಯವಾಗಿತ್ತು. ಆ ಕೆನ್ನೆ ಕಂಡರೆ ನನಗೆ ಆಗುತ್ತಿರಲಿಲ್ಲ.

ಇನ್ನು ನಮ್ಮ ಕೆಲಸ. ವೈಸಿನಿಂದ ಕೋವಿ ಬಿಡಿಸಿ, ಮುಂದಿನ ಮರವನ್ನು ಕಳಚಿ ನೋಡಿದೆ. ಅದರ ಹೊಟ್ಟೆಯೊಳಗೆ ಯುದ್ಧ ನಡೆದಿತ್ತು. ಗುಂಡು ಹಾರುವಾಗ ಕಬ್ಬಿಣ ಹಿಂದಕ್ಕೆ ಒದೆಯುತ್ತದಲ್ಲ, ಆ ಒದೆ ತಿನ್ನುವ ಎರಡು ಮೂಲೆಗಳು ಜಜ್ಜಿ, ಎಣ್ಣೆ ಕುಡಿದು, ಬೆರಳಲ್ಲಿ ಒತ್ತಿದರೆ ತಗ್ಗುವಷ್ಟು ಮೆತ್ತಗಾಗಿದ್ದವು. ಮನೆಯೊಳಗಿನ ಎಸಿ, ಹೊರಗಿನ ಮರುಭೂಮಿ, ಎರಡರ ನಡುವೆ ಮರ ಸೊಟ್ಟಗಾಗಿ ನಳಿಗೆಯ ಒಂದೇ ಮಗ್ಗುಲನ್ನು ಒತ್ತುತ್ತಿತ್ತು. ನಳಿಗೆ ಬಿಸಿಯಾದಂತೆ ಮರ ಅದನ್ನು ದೂಡುತ್ತಿತ್ತು. ನಾಲ್ಕನೆಯ ಗುಂಡು ದಾರಿ ತಪ್ಪುವುದಕ್ಕೆ ಕಾರಣ ಇಷ್ಟೇ.

ನಳಿಗೆಯೊಳಗೆ ಕುದಿಯುವ ನೀರು ಸುರಿದು ಕುಂಚ ಎಳೆದೆ. ಒಣಗಿದ ರಕ್ತದ ಬಣ್ಣದ ನೀರು ಬಂತು. ತುಕ್ಕು ಎಂದು ನನಗೂ ಗೊತ್ತು. ಆದರೂ ಈ ನಳಿಗೆಯ ಗುಂಡು ಎಷ್ಟು ಜನರ ಎದೆ ಹೊಕ್ಕಿದೆಯೋ ಎಂದು ಯೋಚಿಸದೆ ಇರಲಾಗಲಿಲ್ಲ. ನನಗೆ ಅದರಿಂದ ಬೇಜಾರಾಗಲಿಲ್ಲ, ಒಂಥರ ಗೆಲುವೇ ಆಯಿತು. ಕೊಂದ ವಸ್ತು ಕೈಗೆ ಸಿಕ್ಕಿದರೆ ನನ್ನಂಥವನಿಗೆ ಎದೆ ಉಬ್ಬುತ್ತದೆ. ನಾಚಿಕೆಯ ಮಾತೇ, ಇರಲಿ.

ಜಜ್ಜಿದ ಮೂಲೆಗಳನ್ನು ಕೆತ್ತಿ ತೆಗೆದು ಅಲ್ಲಿಗೆ ಗಟ್ಟಿ ಮರದ ಎರಡು ತುಂಡು ಕೂರಿಸಬೇಕಿತ್ತು. ವರ್ಕ್‌ಶಾಪಿನಲ್ಲಿದ್ದದ್ದೆಲ್ಲ ಪ್ಲೈವುಡ್ಡು, ಬಿಳಿ ಮರ. ಕೊನೆಗೆ ನನ್ನ ಉಳಿಯ ಹಿಡಿಯನ್ನೇ ಕಳಚಿದೆ. ಅಪ್ಪ ಕೊಟ್ಟ ಉಳಿ, ಬೀಟೆ ಮರದ ಹಿಡಿ, ನನಗಿಂತ ಹಳೆಯದು. ಅದನ್ನು ಕೊಯ್ಯುವಾಗ ಕೈ ಸ್ವಲ್ಪ ಹಿಂದೆ ಬಂತು, ಸುಳ್ಳು ಹೇಳುವುದಿಲ್ಲ. ಆಮೇಲೆ ಕೊಯ್ದೆ.

ಮುಂದಿನ ಹತ್ತು ದಿನ ಮಸಿಯ ಕೆಲಸ. ದೀಪದ ಹೊಗೆಗೆ ಹಿಡಿದು ಕಬ್ಬಿಣಕ್ಕೆ ಮಸಿ ಹಿಡಿಸುವುದು, ಮರದಲ್ಲಿ ಕೂರಿಸಿ ಒತ್ತುವುದು, ಎತ್ತಿ ನೋಡುವುದು. ಮರದಲ್ಲಿ ಎಲ್ಲಿ ಕಪ್ಪು ಅಂಟಿದೆಯೋ ಅಲ್ಲಿ ಕೂದಲೆಳೆಯಷ್ಟು ಕೆರೆಯುವುದು. ಮತ್ತೆ ಮಸಿ, ಮತ್ತೆ ಒತ್ತು, ಮತ್ತೆ ಕೆರೆ. ಒದೆ ತಿನ್ನುವ ಎರಡು ಮೂಲೆಗೂ ಒಂದೇ ಸಮ ಕಪ್ಪು ಕಾಣುವವರೆಗೆ ಬಿಡುವ ಹಾಗಿಲ್ಲ. ಹಗಲು ಬಾಗಿಲ ಕೆಲಸ ಮುಗಿಸಿ ಸಂಜೆ ಒಂದೆರಡು ಗಂಟೆ ಇದನ್ನು ಮಾಡುತ್ತಿದ್ದೆ. ಅರ್ಬಾಬರು ಎರಡು ಸಲ ಬಂದು ಸ್ಟೂಲಿನಲ್ಲಿ ಕೂತು ಸುಮ್ಮನೆ ನೋಡಿದರು. ಒಮ್ಮೆ ಖರ್ಜೂರದ ಡಬ್ಬಿ ಬಿಚ್ಚಿ ತಾವೇ ನನ್ನ ಬಾಯಿಗೆ ಇಟ್ಟರು, ನನ್ನ ಕೈ ಮಸಿಯಾಗಿತ್ತಲ್ಲ.

ಕೊನೆಗೆ ಮರದ ಹೊಟ್ಟೆಯೊಳಗೆ ಮಾತ್ರ ಗೇರೆಣ್ಣೆ ಹಚ್ಚಿದೆ. ಚಳಿಗಾಲದಲ್ಲಿ ಅಲ್ಲಿ ಹಿಮ್ಮಡಿ ಒಡೆದು ರಕ್ತ ಬರುತ್ತದೆಂದು ಊರಿಂದ ಒಂದು ಸಣ್ಣ ಬಾಟ್ಲಿ ತಂದಿದ್ದೆ, ಒಡಕಿಗೆ ನಮ್ಮವರ ಔಷಧ ಅದೇ. ಒಳಗಿನ ಜಾಗಕ್ಕೆ ಯಾರ ಚರ್ಮವೂ ತಾಗುವುದಿಲ್ಲ, ಮರ ಇನ್ನು ಅಲ್ಲಾಡುವುದಿಲ್ಲ. ಅಲ್ಲಿಯವರೆಗೆ ನಾನು ಮಾಡಿದ್ದರಲ್ಲಿ ಒಂದು ತಪ್ಪೂ ಇರಲಿಲ್ಲ.

ಬುಧವಾರ ಮಧ್ಯಾಹ್ನ ಫೋರ್‌ಮನ್ ಸ್ಯಾಂಡಿಂಗ್ ಮೆಷಿನ್ ಹಿಡಿದು ಬಂದ. ನಾಡಿದ್ದು ಶುಕ್ರವಾರ ಪಂದ್ಯ.

"ಆಚಾರಿ, ಹೊರಗೆ ಎಂತ ಈ ಹಳೆ ಕೊಳೆ? ಉಜ್ಜಿ ಪಾಲಿಶ್ ಹೊಡಿತೇನೆ. ಅರ್ಬಾಬ್ ನೋಡಿ ಖುಷಿ ಆಗ್ಬೇಕು."

"ಹೊರಗೆ ಮುಟ್ಲಿಕ್ಕಿಲ್ಲ. ಪಂದ್ಯದ ರೂಲ್ ಉಂಟು. ಮುಟ್ಟಿದ್ರೆ ಕೋವಿಯನ್ನೇ ಹೊರಗೆ ಹಾಕ್ತಾರೆ."

"ನನಗೆ ರೂಲ್ ಹೇಳ್ತೀಯಾ? ಕಾಲೇಜಲ್ಲಿ ಕ್ಯಾಂಪಿಗೆ ಹೋಗಿ ತ್ರೀ ನಾಟ್ ತ್ರೀ ಹೊಡೆದವ ನಾನು. ನಾಳೆ ಇದನ್ನು ಟೆಸ್ಟ್ ಮಾಡ್ಲಿಕ್ಕೂ ನನಗೇ ಹೇಳಿದ್ದಾರೆ, ಗೊತ್ತುಂಟಾ?"

ಅದು ನಿಜವೇ. ಅರ್ಬಾಬರು ತಮ್ಮ ಕಣ್ಣನ್ನು ಶುಕ್ರವಾರಕ್ಕೆ ಉಳಿಸಿಕೊಳ್ಳಬೇಕೆಂದು, ಗುರುವಾರ ಹೊಡೆದು ನೋಡುವ ಕೆಲಸವನ್ನು ಅವನಿಗೆ ಒಪ್ಪಿಸಿದ್ದರು. ಕೋವಿ ತಯಾರು ಮಾಡುತ್ತಿರುವವನೂ ತಾನೇ ಎಂದು ಅವನು ಅವರ ಮುಂದೆ ಕೊಚ್ಚಿಕೊಂಡಿದ್ದ. ಆಚಾರಿ ಕೆರೆಯುತ್ತಾನೆ ಅಷ್ಟೇ, ಐಡಿಯಾ ನನ್ನದು, ಎಣ್ಣೆ ಪಾಲಿಶ್ ಎಲ್ಲ ನನ್ನದು ಎಂದಿದ್ದನಂತೆ. ಕಾಕ ಹೇಳಿದ್ದರು.

ಅವನು ಮೆಷಿನ್ ಸ್ವಿಚ್ ಹಾಕಿದ. ನಾನು ವಯರ್ ಎಳೆದು ಕಿತ್ತೆ. "ನಿನ್ನ ಮಂಡೆಯೊಳಗೆ ಉಂಟಲ್ಲ, ಅದು ಮರದ ಹುಡಿ" ಎಂದೆ. ಇನ್ನೂ ಕೆಲವು ಅಂದೆ, ಬರೆಯುವಂಥದ್ದಲ್ಲ, ಅವನ ಅಮ್ಮನನ್ನು ಎಳೆದದ್ದು. ಮೊದಲು ಬಾಯಿ ಬಿಟ್ಟವನು ನಾನೇ, ಅವನ ಕಾಲರಿಗೆ ಕೈ ಹಾಕಿದವನೂ ನಾನೇ. ಅವನು ಬೆಂಚಿನಿಂದ ಕೋವಿ ಎತ್ತಿ ಅದರ ಹಿಂತುದಿಯ ಹಿತ್ತಾಳೆ ಪಟ್ಟಿಯನ್ನು ನನ್ನ ಬಾಯಿಗೆ ಬಡಿದ. ಏನೋ ಮುರಿದ ಶಬ್ದ ನನ್ನ ತಲೆಯೊಳಗೇ ಕೇಳಿಸಿತು. ಬಾಯಿ ತುಂಬ ಬಿಸಿ. ಉಗಿದರೆ ಮರದ ಹುಡಿಯ ಮೇಲೆ ರಕ್ತ, ರಕ್ತದಲ್ಲಿ ಮುಂದಿನ ಅರ್ಧ ಹಲ್ಲು. ಬಿದ್ದವನ ಪಕ್ಕೆಗೆ ಸೇಫ್ಟಿ ಶೂನಲ್ಲಿ ಎರಡು ಒದ್ದ.

ಕೈಗೆ ಸಿಕ್ಕಿದ್ದು ಉಳಿ. ಹಿಡಿ ಕಳಚಿದ ಉಳಿ, ಬರೀ ಕಬ್ಬಿಣ. ಅದನ್ನು ಹಿಡಿದು ಎದ್ದೆ, ಅವನ ಹೊಟ್ಟೆಗೇ ಹೋಗುವವನಿದ್ದೆ. ಬಿಗಿಯಾಗಿ ಹಿಡಿದಷ್ಟೂ ಅದರ ಹಿಂದಿನ ಚೂಪು ನನ್ನದೇ ಅಂಗೈ ಹೊಕ್ಕಿತು. ಹಿಡಿ ಇದ್ದಿದ್ದರೆ ಆವತ್ತು ಅವನು ಸಾಯುತ್ತಿದ್ದ. ಕಾಕ ಹಿಂದಿನಿಂದ ಬಂದು ನನ್ನನ್ನು ತೋಳಲ್ಲಿ ಬಿಗಿದು ಹೊರಗೆ ಎಳೆದೊಯ್ದರು.

"ಬಿಡಿ ಆಚಾರ್ರೆ, ಬಿಡಿ. ಇಲ್ಲಿ ಜೈಲು ಅಂದ್ರೆ ತಮಾಷೆ ಅಲ್ಲ. ಅವನೊಬ್ಬ ನಾಯಿ."

"ಕೊಲ್ತೇನೆ ಕಾಕ."

"ಹಾಂ, ಕೊಲ್ಲಿ. ಮೊದಲು ಬಾಯಿ ತೊಳೀರಿ."

ಬಾಯಿ ತೊಳೆದೆ. ಅಂಗೈಗೆ ಬಟ್ಟೆ ಕಟ್ಟಿದೆ. ಎಲ್ಲರೂ ಚಹಾಕ್ಕೆ ಹೋದಾಗ ಒಬ್ಬನೇ ವರ್ಕ್‌ಶಾಪಿಗೆ ಹೋಗಿ ಗೇರೆಣ್ಣೆಯ ಬಾಟ್ಲಿ ಬಿಚ್ಚಿದೆ. ಹಸಿ ಎಣ್ಣೆ. ಹತ್ತಿಯಲ್ಲಿ ಅದ್ದಿ, ಗುರಿ ಹಿಡಿಯುವವನ ಬಲಗೆನ್ನೆ ಎಲ್ಲಿ ಕೂರುತ್ತದೋ ಅಲ್ಲಿಗೆ ಮೂರು ಸಲ ಹಚ್ಚಿದೆ. ಹಳೆಯ ಕಪ್ಪು ಮರ, ಹಚ್ಚಿದ್ದು ಕಣ್ಣಿಗೆ ಕಾಣುತ್ತಲೂ ಇರಲಿಲ್ಲ. ಕೈತಪ್ಪಿ ಆದದ್ದಲ್ಲ, ಬೇಕೆಂದೇ ಹಚ್ಚಿದೆ. ಗುರುವಾರ ಫೋರ್‌ಮನ್ ಅದರ ಮೇಲೆ ಕೆನ್ನೆ ಇಡುತ್ತಾನೆ, ಶುಕ್ರವಾರ ಅವನ ಮುಖ ಹಂದಿಯ ಮುಖವಾಗುತ್ತದೆ, ಗುರುವಾರ ಸಂಜೆ ನಾನು ಥಿನ್ನರಿನಲ್ಲಿ ಒರೆಸಿ ಅರ್ಬಾಬರಿಗೆ ಚೊಕ್ಕ ಕೋವಿ ಕೊಡುತ್ತೇನೆ. ಲೆಕ್ಕಾಚಾರ ಪಕ್ಕಾ ಇತ್ತು. ಹಚ್ಚುವಾಗ ನನಗೆ ಬಹಳ ಖುಷಿಯಾಯಿತು.

ಗುರುವಾರ ಮಧ್ಯಾಹ್ನ ಕಾಕ ಲ್ಯಾಂಡ್‌ಕ್ರೂಸರಿನಲ್ಲಿ ನಮ್ಮನ್ನು ಉತ್ತರಕ್ಕೆ ಕರೆದುಕೊಂಡು ಹೋದರು. ಮುಂದೆ ಫೋರ್‌ಮನ್, ಹಿಂದೆ ನಾನು, ನನ್ನ ಕಾಲ ಬಳಿ ಕೋವಿ. ಊದಿದ ತುಟಿ ಮಾತಾಡಲು ಬಿಡುತ್ತಿರಲಿಲ್ಲ. ಅಲ್ಲಿ ತಲುಪಿದರೆ ಇನ್ನೊಂದು ಗಾಡಿ ನಿಂತಿತ್ತು. ಅರ್ಬಾಬರು ಬಿಳಿ ಅಂಗಿಯ ತುದಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಚಾಪೆ ಹಾಸಿ, ಕಾಯುತ್ತ ಕೂತಿದ್ದರು.

ಫೋರ್‌ಮನ್ ಕೋವಿಗೆ ಕೈ ಚಾಚಿದ. ಅರ್ಬಾಬರು ತಲೆ ಅಲ್ಲಾಡಿಸಿದರು. "ಲಾ. ನಿನ್ನೆಯಿಂದ ಮನಸ್ಸು ತಡೆಯುತ್ತಿಲ್ಲ. ಮೊದಲ ಗುಂಡು ನನ್ನದೇ" ಎಂದರು.

ಆಗ ನಾನು ಬಾಯಿ ಬಿಡಬೇಕಿತ್ತು. ಒಂದು ಮಾತು ಸಾಕಿತ್ತು. ಸ್ವಲ್ಪ ನಿಲ್ಲಿ, ಒರೆಸಿ ಕೊಡುತ್ತೇನೆ ಎಂದರೆ ಮುಗಿಯುತ್ತಿತ್ತು, ಯಾರೂ ಯಾಕೆ ಎಂದೂ ಕೇಳುತ್ತಿರಲಿಲ್ಲ. ನನ್ನ ಜೇಬಿನಲ್ಲಿ ಬಟ್ಟೆಯೂ ಇತ್ತು. ಫೋರ್‌ಮನ್ ನನ್ನ ಪಕ್ಕದಲ್ಲಿ ನಿಂತಿದ್ದ. ಒರೆಸಿದರೆ ಅವನಿಗೆ ಗೊತ್ತಾಗುತ್ತದೆ, ನನ್ನನ್ನು ಅಲ್ಲೇ ಹೂತುಹಾಕುತ್ತಾನೆ ಎಂದು ಹೆದರಿಕೆಯಾಯಿತು. ಇಷ್ಟು ದಿನದ ಸಿಟ್ಟಿನ ಗಂಡಸು ನಾನು, ಆ ಒಂದು ಗಳಿಗೆಯಲ್ಲಿ ಪುಕ್ಕಲನಾದೆ. ಮುದುಕರು ಚಾಪೆಯ ಮೇಲೆ ಮಲಗಿದರು, ಕೋವಿಯನ್ನು ಹೆಗಲಿಗೆ ಎಳೆದುಕೊಂಡರು, ಬಲಗೆನ್ನೆಯನ್ನು ಮರದ ಮೇಲೆ ಇಟ್ಟರು.

ಮೊದಲ ಗುಂಡಿಗೆ ನನ್ನ ಮುರಿದ ಹಲ್ಲಿನ ಬೇರು ನಡುಗಿತು. ಕೋವಿ ಒದೆದಾಗಲೆಲ್ಲ ಅವರ ಸಣಕಲು ದೇಹ ಚಾಪೆಯಲ್ಲಿ ಒಂದು ಬೆರಳು ಹಿಂದೆ ಸರಿಯುತ್ತಿತ್ತು, ಕೆನ್ನೆ ಮರಕ್ಕೆ ಉಜ್ಜುತ್ತಿತ್ತು. ಅವರು ಮತ್ತೆ ಮುಂದೆ ತೆವಳಿ ಮತ್ತೆ ಕೆನ್ನೆ ಇಡುತ್ತಿದ್ದರು. ಹತ್ತು ಸಲ. ನಾನು ಒಂದೊಂದನ್ನೂ ಎಣಿಸಿದೆ.

ಕಾಕ ಓಡಿ ಹೋಗಿ ಗುರಿಹಲಗೆಯ ಕಾಗದ ತಂದರು. ಹತ್ತೂ ತೂತು ನಡುವಿನಲ್ಲಿ, ಒಂದು ಅಂಗೈಯಲ್ಲಿ ಮುಚ್ಚುವಷ್ಟು ಜಾಗದಲ್ಲಿ. ನಾಲ್ಕನೆಯದೂ ಅಲ್ಲೇ, ಹತ್ತನೆಯದೂ ಅಲ್ಲೇ. ಮುದುಕರು ಕಾಗದವನ್ನು ಬಲಗಣ್ಣಿನ ಹತ್ತಿರ ಹಿಡಿದು ನೋಡಿದರು. ಆಮೇಲೆ ಫೋರ್‌ಮನ್ನನ್ನು ದಾಟಿ ನೇರ ನನ್ನ ಹತ್ತಿರ ಬಂದು, ಎರಡೂ ಭುಜ ಹಿಡಿದು, ತಮ್ಮವರೊಂದಿಗೆ ಮಾಡುವ ಹಾಗೆ ಕೆನ್ನೆಗೆ ಕೆನ್ನೆ ತಾಗಿಸಲು ಬಾಗಿದರು. ಅವರ ಬೆವರಿದ ಕೆನ್ನೆಯ ಮೇಲೆ ಕಂದು ಎಣ್ಣೆಯ ಗೆರೆ ಹೊಳೆಯುತ್ತಿತ್ತು. ನಾನು ಹಿಂದಕ್ಕೆ ಜಿಗಿದೆ. ಅವರು ನನ್ನ ಊದಿದ ತುಟಿ ನೋಡಿ, ನೋವೆಂದುಕೊಂಡು, ಬೆನ್ನು ತಟ್ಟಿ ಬಿಟ್ಟರು.

ಹಿಂದಿರುಗುವಾಗ ಗಾಡಿಯಲ್ಲೇ ನಾನು ಕಾಕನ ಕಿವಿಗೆ ಹೇಳಿದೆ. "ಯಾ ಅಲ್ಲಾ" ಎಂದರು. ಫೋರ್‌ಮನ್ ಮುಂದೆ ಗೊರಕೆ ಹೊಡೆಯುತ್ತಿದ್ದ. ಕಾಕ ಮೊದಲು ಸಿಕ್ಕಿದ ಪೆಟ್ರೋಲ್ ಪಂಪಿನಲ್ಲಿ ನಿಲ್ಲಿಸಿ, ಅರ್ಬಾಬರಿಗೆ ಫೋನು ಮಾಡಿ, ಮುಖ ಸಾಬೂನಿನಲ್ಲಿ ತೊಳೆಯಿರಿ, ಕೋವಿಯ ಎಣ್ಣೆ ಒಳ್ಳೆಯದಲ್ಲ ಎಂದರು. ತೊಳೆದೆ ತೊಳೆದೆ ಎಂದು ಅವರು ನಕ್ಕರಂತೆ. ಆಗಲೇ ಎಣ್ಣೆ ತಾಗಿ ಒಂದು ಗಂಟೆ ದಾಟಿತ್ತು. ನಾನು ಪಂಪಿನ ಹಿಂದೆ ಹೋಗಿ ಕೋವಿಯ ಮರವನ್ನು ಸ್ವಲ್ಪ ಪೆಟ್ರೋಲಿನಲ್ಲಿ ಉಜ್ಜಿದೆ. ಬಟ್ಟೆಗೆ ಕಪ್ಪು ಬರುತ್ತಲೇ ಇತ್ತು.

ಶುಕ್ರವಾರ ಬೆಳಿಗ್ಗೆ ಅದೇ ಜಾಗ. ಸಾಲಾಗಿ ಗಾಡಿಗಳು, ಕಾಫಿಯ ಹೂಜಿಗಳು, ದಾಯಾದಿಗಳು. ಅರ್ಬಾಬರು ಗಾಡಿಯಿಂದ ಇಳಿದರು. ಮುಖದ ಬಲ ಅರ್ಧ ಕೆಂಪಾಗಿ, ನೀರು ತುಂಬಿದ ಬೊಬ್ಬೆ ಎದ್ದು, ಹೊಳೆಯುತ್ತಿತ್ತು. ಬಲಗಣ್ಣು ಇದ್ದ ಜಾಗದಲ್ಲಿ ಒಂದು ಗೀಟು ಮಾತ್ರ. ಅವರು ಮಬ್ಬುಗಣ್ಣಿನಲ್ಲಿ ತಡಕುತ್ತ, ಒಂದು ಕೈ ಕಾಕನ ಹೆಗಲ ಮೇಲಿಟ್ಟು, ಇನ್ನೊಂದರಲ್ಲಿ ಒಂಟೆ ಓಡಿಸುವ ಬೆತ್ತ ಹಿಡಿದು ಬಂದರು. ದಾಯಾದಿಗಳು ಈ ಸಲ ನಗಲಿಲ್ಲ. ನನಗೆ ಅದೇ ಹೆಚ್ಚು ಚುಚ್ಚಿತು.

ಅವರು ಫೋರ್‌ಮನ್ ಎದುರು ನಿಂತರು. "ಏನು ಹಚ್ಚಿದೆ?"

"ಅರ್ಬಾಬ್, ನಾನು... ಏನೂ ಇಲ್ಲ ಅರ್ಬಾಬ್."

"ಎಣ್ಣೆ ಪಾಲಿಶ್ ಎಲ್ಲ ನಿನ್ನದು ಎಂದೆಯಲ್ಲ. ಏನು ಹಚ್ಚಿದೆ?"

ಅವನು ಒಂದು ಹೆಜ್ಜೆ ಹಿಂದೆ ಸರಿದ. ಬೆತ್ತ ಬೀಸಿತು. ಮೊದಲನೆಯದು ಭುಜಕ್ಕೆ, ಎರಡನೆಯದು ಕಿವಿಗೆ. ಕಿವಿ ಹರಿದು ಕಾಲರಿಗೆ ರಕ್ತ ಇಳಿಯಿತು. ಆ ಎರಡು ಏಟು ನನಗೆ ಖರ್ಜೂರದಷ್ಟು ಸಿಹಿಯಾಗಿದ್ದವು. ಇಷ್ಟು ಚಂದದ ಸೇಡು ನಾನೇ ಯೋಚಿಸಿದ್ದರೂ ಆಗುತ್ತಿರಲಿಲ್ಲ. ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು, ಅವನಿಗೆ ಏಟೂ ಸಿಗುತ್ತಿತ್ತು, ವೀಸಾ ಕ್ಯಾನ್ಸಲ್ಲೂ ಆಗುತ್ತಿತ್ತು.

ಮೂರನೆಯ ಏಟಿಗೆ ಅವನು ಮಂಡಿಯೂರಿ ಬಿದ್ದು ಎರಡೂ ಮೊಣಕೈಯಲ್ಲಿ ತಲೆ ಮುಚ್ಚಿಕೊಂಡ. ಕೊಡತಿಯ ಕೆಳಗೆ ನಾನು ಹಾಗೆಯೇ ಮುಚ್ಚಿಕೊಳ್ಳುತ್ತಿದ್ದೆ. ಮೂಳೆ ಬಿರುಕು ಬಿಟ್ಟಿದ್ದ ನನ್ನ ಮೊಣಕೈ ತಾನಾಗಿ ನೋಯತೊಡಗಿತು. ಬೆತ್ತ ಬೀಸುತ್ತಿರುವ ಮುದುಕರಿಗೂ ಅಭ್ಯಾಸವಿರಲಿಲ್ಲ, ಉಸಿರು ಕಟ್ಟುತ್ತಿತ್ತು, ಊದಿದ ಕಣ್ಣಿನ ಗೀಟಿನಿಂದ ನೀರು ಸುರಿಯುತ್ತಿತ್ತು. ಅಷ್ಟು ಮೆತ್ತಗಿನ ಮನುಷ್ಯನ ಕೈಗೆ ಬೆತ್ತ ಕೊಟ್ಟವನು ನಾನು.

"ಅನಾ, ಅರ್ಬಾಬ್" ಎಂದೆ. ನಾನು, ನಾನೇ ಎಂದು. ಅವರಿಗೆ ಕೇಳಿಸಲಿಲ್ಲ. ಮೇಜಿನ ಮೇಲಿದ್ದ ಕೋವಿಯನ್ನು ಎತ್ತಿಕೊಂಡು ಅವರ ಎದುರು ಮಂಡಿಯೂರಿ, ನನ್ನ ಬಲಗೆನ್ನೆಯನ್ನು ಆ ಜಾಗಕ್ಕೆ ಒತ್ತಿ ಉಜ್ಜಿದೆ. ಚರ್ಮ ಕೀಳುವ ಹಾಗೆ ಉಜ್ಜಿದೆ. ನಿನ್ನೆ ಪೆಟ್ರೋಲಿನಲ್ಲಿ ಉಜ್ಜಿ ಉಳಿದದ್ದು ಬೆವರಿಗೆ ಮತ್ತೆ ಎದ್ದು ಕೆನ್ನೆಗೆ ಅಂಟಿತು. ಸುತ್ತ ನಿಂತವರಿಗೆ ನಾನು ಹುಚ್ಚನಾಗಿ ಕಂಡಿರಬೇಕು. ಅರ್ಬಾಬರ ಬೆತ್ತ ಮೇಲೆತ್ತಿದ ಹಾಗೇ ನಿಂತಿತು. ಕಾಕ ಅರಬ್ಬಿಯಲ್ಲಿ ಮೆಲ್ಲಗೆ ಎಲ್ಲ ಹೇಳಿದರು. ಬಾಯಿಯ ಹಲ್ಲು, ಹಿಡಿಯಿಲ್ಲದ ಉಳಿ, ಬಾಟ್ಲಿಯ ಎಣ್ಣೆ, ನಿನ್ನೆ ನಾನು ಸುಮ್ಮನೆ ನಿಂತದ್ದು, ಯಾವುದನ್ನೂ ಬಿಡಲಿಲ್ಲ.

ಹೊಡೆಯಲಿ ಎಂದು ನಾನು ಕಾದೆ. ಅವರು ಹೊಡೆಯಲಿಲ್ಲ. ಬಗ್ಗಿ ಕೋವಿಯನ್ನು ನನ್ನ ಕೈಯಿಂದ ತೆಗೆದುಕೊಂಡರು. "ನಿನ್ನ ಕೈ ನನಗೆ ಬೇಕಿತ್ತು. ನೀನು ಬೇಡ. ಖಲಾಸ್" ಎಂದರು. ಆಮೇಲೆ ಕೋವಿಯ ಬೋಲ್ಟು ತೆರೆದು, ಒಳಗೆ ಗುಂಡಿಲ್ಲವೆಂದು ಬೆರಳಲ್ಲಿ ಮುಟ್ಟಿ ನೋಡಿ, ಚೀಲಕ್ಕೆ ಹಾಕಿಸಿದರು. ಬೇರೆಯವರು ನಿಮ್ಮ ಪರವಾಗಿ ಹೊಡೆಯುತ್ತೇವೆ ಎಂದರೂ ಒಪ್ಪಲಿಲ್ಲ. ಆ ಕೋವಿ ಆವತ್ತು ಒಂದು ಗುಂಡನ್ನೂ ಹಾರಿಸದೆ ಮನೆಗೆ ಹೋಯಿತು.

ಗಾಡಿಯ ಮರೆಯಲ್ಲಿ ಫೋರ್‌ಮನ್ ನನ್ನನ್ನು ಹಿಡಿದು ಹೊಟ್ಟೆಗೆ ಗುದ್ದಿದ. ಮತ್ತೆ ಮತ್ತೆ ಗುದ್ದಿದ. ಹುಟ್ಟಿದಂದಿನಿಂದ ಮೊದಲ ಸಲ ನನ್ನ ಕೈ ಮೇಲೇಳಲಿಲ್ಲ. ಕೊನೆಗೆ ಅವನೇ ಸುಸ್ತಾಗಿ, ಕಿವಿ ಹಿಡಿದುಕೊಂಡು ಮರಳಿನ ಮೇಲೆ ಕೂತ.

ಪೊಲೀಸರಿಗೆ ಕೊಡಲಿಲ್ಲ. ನಾಲ್ಕು ದಿನದಲ್ಲಿ ಟಿಕೆಟ್ ಬಂತು. ಏರ್‌ಪೋರ್ಟಿಗೆ ಬಿಡಲು ಬಂದ ಕಾಕ, ಅರ್ಬಾಬರ ಊತ ಇಳಿಯುತ್ತಿದೆ, ಕಣ್ಣಿಗೇನೂ ಆಗಿಲ್ಲ ಎಂದರು. ಮುಂದಿನ ಚಳಿಗಾಲ ಫೋನಿನಲ್ಲಿ ವಿಚಾರಿಸಿದೆ. ಬಲಗಣ್ಣೂ ಪೊರೆಗೆ ಹೋಯಿತಂತೆ, ಆಪರೇಷನ್ ಮಾಡಿಸಿದರೂ ಗುರಿ ಹಿಡಿಯುವಷ್ಟು ಬರಲಿಲ್ಲವಂತೆ. ಕೋವಿ ಗೋಡೆಯ ಮೇಲಿದೆ, ಹತ್ತು ತೂತಿನ ಕಾಗದಕ್ಕೆ ಕಟ್ಟು ಹಾಕಿಸಿ ಅದರ ಕೆಳಗೆ ತೂಗಿಸಿದ್ದಾರೆ ಎಂದರು ಕಾಕ. ಆಮೇಲೆ ನಾನು ಫೋನು ಮಾಡಲಿಲ್ಲ.

ಊರಿಗೆ ಬಂದ ದಿನ ಅಪ್ಪ ಚಾವಡಿಯಲ್ಲಿ ಬಾಚಿ ಮಸೆಯುತ್ತ ಕೂತಿದ್ದ. ಬ್ಯಾಗು ಇಳಿಸಿದೆ. ನನ್ನ ಬಲಗೆನ್ನೆಯ ಬೊಬ್ಬೆಗಳು ಒಡೆದು ಕಪ್ಪು ಹಕ್ಕಳೆ ಕಟ್ಟಿತ್ತು. ಹೇಳದೆ ಕೇಳದೆ ಕೆಲಸ ಬಿಟ್ಟು ಬಂದದ್ದಕ್ಕೆ ಬಾಚಿಯ ಮರದ ಕಾವೇ ಬೆನ್ನಿಗೆ ಬೀಳುತ್ತದೆಂದು ನಿಂತಿದ್ದೆ. ಅಪ್ಪ ಎದ್ದು ಬಂದು, ನನ್ನ ಗಲ್ಲ ಹಿಡಿದು, ಮುಖವನ್ನು ಬೆಳಕಿಗೆ ತಿರುಗಿಸಿದ.

"ಕೋವಿ ಕೆಲಸ ಮಾಡಿದೆಯಾ ಅಲ್ಲಿ?"

"ಹೌದು."

"ಗೇರೆಣ್ಣೆ?"

"ಹೌದು."

ಅವನ ಒರಟು ಹೆಬ್ಬೆರಳು ನನ್ನ ಹಕ್ಕಳೆಯ ಅಂಚಿನಲ್ಲಿ ನಿಧಾನ ಸರಿಯಿತು. ಅವನ ಕೈ ನನ್ನ ಮೈಮೇಲೆ ಹೊಡೆಯದೆ ಅಷ್ಟು ಹೊತ್ತು ಇದ್ದ ನೆನಪು ನನಗಿಲ್ಲ. ಅವನ ಕಪ್ಪು ಸುಕ್ಕುಗೆನ್ನೆ ನನ್ನ ಕಣ್ಣಿನ ಎದುರೇ ಇತ್ತು.

"ಕೆನ್ನೆ ಇಟ್ಟೇ ಕೊಟ್ಟದ್ದು ಅಲ್ವಾ?" ಎಂದು ಕೇಳಿದ. ದನಿಯಲ್ಲಿ ಹೆಮ್ಮೆ ಇತ್ತು.

ನಾನು ಹೌದು ಎಂದೆ.

ಅಪ್ಪ ನನ್ನ ಬ್ಯಾಗಿನಿಂದ ಹಿಡಿಯಿಲ್ಲದ ಉಳಿಯನ್ನು ಹೊರತೆಗೆದ. ಮೂಲೆಯಿಂದ ಬೀಟೆಯ ತುಂಡೊಂದನ್ನು ಆರಿಸಿ ತಂದು, ಕೂತು, ಹೊಸ ಹಿಡಿ ಕೆತ್ತತೊಡಗಿದ.